ಜಪಾನೀ ಕಾದಂಬರಿಕಾರ ಓಯೆ ಮತ್ತು ಅವನ ವಿಕಲಶಿಶು

ಕವಿಯ ಮನೆಯಲ್ಲಿ ನಡೆದ ಘಟನೆಯು ಅವನ ಕಾವ್ಯದಲ್ಲಿ ಯಾವ ರೂಪವನ್ನು ತಾಳುವುದೆಂಬ ವಿಚಾರವು ನಮ್ಮ ಆಲಂಕಾರಿಕರ ಗ್ರಂಥಗಳಲ್ಲಿ ವಿಶೇಷವಾಗಿ ಚರ್ಚೆಗೆ ಬಂದುದಲ್ಲ. ರಸವು ಸಾಧಾರಣೀಕೃತವಾದುದು, ಅದನ್ನು ಇಂಥವನ ಶೋಕವೆಂದಾಗಲಿ ಇಂಥವನ ಹರ್ಷವೆಂದಾಗಲಿ ಬೇರ್ಪಡಿಸಿ ಎಣಿಸತಕ್ಕುದಲ್ಲವೆಂದು ಸಿದ್ಧಾಂತಮಾಡಿದವರಿಗೆ ಕವಿಯ ಸ್ವಂತ ಸಂಕಟವನ್ನು ಹುಡುಕಿ ತೆಗೆಯುವುದರಲ್ಲಿ ಪ್ರಯೋಜನ ಕಾಣದೆ ಹೋದುದು ಸಹಜವೇ. ಆದರೆ ಈ ವಿಚಾರವನ್ನು ಬದಿಗಿಟ್ಟು ಓದಲು ಸಾಧ್ಯವೇ ಇಲ್ಲದಂತಹ ಕೃತಿಗಳು ಆಧುನಿಕ ಸಾಹಿತ್ಯದಲ್ಲಿ ಕೆಲವುಂಟು. ಜಪಾನ್ ದೇಶದ ಕಾದಂಬರಿಕಾರ ಕೆನ್‌ಜಾಬುರೋ ಓಯೆಯ ಗ್ರಂಥಗಳು ಈ ಜಾತಿಗೆ ಸೇರಿದವು. 1963ನೆಯ ಇಸವಿ ಜೂನ್ 13ರಂದು ಅವನಿಗೆ ಒಬ್ಬ ಮಗನು ಹುಟ್ಟಿದನು. ಹುಟ್ಟುವಾಗಲೇ ಮೃತ್ಯುವಿನ ಬಾಗಿಲಲ್ಲಿದ್ದ ಆ ಮಗನನ್ನು ಕುರಿತು ತಂದೆಯು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬರೆದನು. ಶಿಶುವಿನ ರೋಗವು ಹೇಗೆ ಗುಣವಾಯಿತೆಂಬುದನ್ನು ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ತಂದೆಯು ಹೇಗೆ ಚೇತರಿಸಿಕೊಂಡನೆಂಬುದಕ್ಕೆ ಅಷ್ಟು ಗ್ರಂಥಗಳು ಬೇಕಾದುವು.

ಓಯೆಯು 1935ರ ಜನವರಿ 31ರಂದು ಶಿಕೋಕು ದ್ವೀಪದ ಎಹಿಮೆ ಪ್ರಾಂತದ ಕಾಡುಗಳ ನಡುವಿನ ಒಂದು ಗ್ರಾಮದಲ್ಲಿ ಹುಟ್ಟಿದನು. ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ಸಾಹಿತ್ಯವನ್ನು ವ್ಯಾಸಂಗಮಾಡುತ್ತಿರುವಾಗಲೇ ಕಥೆಗಳನ್ನು ಬರೆದು, 1958ರಲ್ಲಿ ಆ ದೇಶದ ಅಕುತಾಗಾವ ಪಾರಿತೋಷಕವನ್ನು ಪಡೆದನು. 1960ರಲ್ಲಿ ಚಲಚ್ಚಿತ್ರ ನಿರ್ದೇಶಕ ಇತಾಮಿ ಮನ್ಸಾಕುವಿನ ಮಗಳಾದ ಯುಕಾರಿಯನ್ನು ಮದುವೆಯಾದನು. ಮಗನು ಹುಟ್ಟಿದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಕೀರ್ತಿ ಬೇಗ ಬಂದಿತ್ತು; ಆದರೆ ಮುಂದೆ ಏನನ್ನು ಬರೆಯಬೇಕೆಂಬುದು ತೋರದೆ ತೊಳಲುತ್ತಿದ್ದ ಕಾಲವದು.

ಶಿಶುವಿಗೆ ಬಂದಿದ್ದ ವ್ಯಾಧಿಯು ಗರ್ಭದಲ್ಲಿಯೇ ಉಂಟಾಗತಕ್ಕುದು. ಗರ್ಭವು ಬೆಳೆಯುವ ಮೊದಲ ವಾರಗಳಲ್ಲಿ ಮಿದುಳು ಮತ್ತು ಬೆನ್ನುಹುರಿಗಳಿಗೆ ಮೂಲವಾದ ನಾಳವು ಪೂರ್ತಿಯಾಗಿ ಮುಚ್ಚಿಕೊಳ್ಳಬೇಕು. ಅದು ತಲೆಯ ಕಡೆ ಸರಿಯಾಗಿ ಮುಚ್ಚದಿದ್ದರೆ ಕಪಾಲದ ಎಲುಬಿನಲ್ಲಿ ರಂಧ್ರವುಳಿದು, ಮಿದುಳಿನ ಪೊರೆಯೂ ಕೆಲವೊಮ್ಮೆ ಮಿದುಳಿನ ಭಾಗವೂ ಅದರ ಮೂಲಕ ಹೊರಕ್ಕೆ ಉಬ್ಬಿ ಬುಗುಟಿನಂತೆ ನಿಲ್ಲುವುವು. ಓಯೆಯ ಮಗನಿಗೆ ಇದು ತಲೆಯ ಹಿಂಭಾಗದಲ್ಲಿ, ನೋಡಿದವರಿಗೆ ಮತ್ತೊಂದು ತಲೆಯೇ ಇರುವಂತೆ ಬೆಳೆದಿತ್ತು. ಅದನ್ನು ಹಾಗೆಯೇ ಬಿಟ್ಟರೆ ಒಡೆಯುವ ಭಯ, ನಂಜೇರುವ ಭಯ. ಶಸ್ತ್ರದಿಂದ ಕತ್ತರಿಸಿ ರಂಧ್ರವನ್ನು ಮುಚ್ಚಿದರೆ ಪ್ರಾಣವುಳಿಯಬಹುದು; ಆದರೆ ಹೊರಬಂದ ಭಾಗದಲ್ಲಿ ಮಿದುಳು ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಬುದ್ಧಿಗೂ ದೃಷ್ಟಿಗೂ ಹಾನಿಯುಂಟು. ಚಿಕಿತ್ಸೆಮಾಡದಿದ್ದರೆ ಮರಣ, ಮಾಡಿದರೆ ತೀವ್ರವಾದ ವೈಕಲ್ಯ ಎಂದು ವೈದ್ಯರು ತಿಳಿಸಿ, ನಿರ್ಣಯವನ್ನು ತಂದೆಯ ಮೇಲಿಟ್ಟರು. ಇಂತಹ ಸಂದರ್ಭದಲ್ಲಿ ರೋಗಕ್ಕಿಂತಲೂ ನಿರ್ಣಯವೇ ಹೆಚ್ಚು ಕ್ರೂರವಾದುದು. ರೋಗವನ್ನು ವಿಧಿಯ ಮೇಲೆ ಹೊರಿಸಬಹುದು. ಒಪ್ಪಿಗೆಪತ್ರಕ್ಕೆ ರುಜುಹಾಕುವ ಕೈಯು ವಿಧಿಯದಲ್ಲ.

ತಂದೆಯು ಕೂಡಲೇ ಒಪ್ಪಲಿಲ್ಲ. ಶಿಶುವು ಕಾವುಪೆಟ್ಟಿಗೆಯಲ್ಲಿದ್ದಂತೆಯೇ ಆಗಸ್ಟ್ ತಿಂಗಳಲ್ಲಿ ಅವನು ಹಿರೋಶಿಮಾ ನಗರಕ್ಕೆ ಹೊರಟುಹೋದನು. ಅಣ್ವಸ್ತ್ರಗಳನ್ನು ವಿರೋಧಿಸುವ ಒಂಬತ್ತನೆಯ ವಿಶ್ವಸಮ್ಮೇಳನವು ಅಲ್ಲಿ ಸೇರಲಿತ್ತು. 'ಸೆಕೈ' ಎಂಬ ಮಾಸಪತ್ರಿಕೆಗೆ ಅದರ ವರದಿಯನ್ನು ಬರೆಯುವುದು ಕಾರಣವೆನಿಸಿದರೂ, ಆಸ್ಪತ್ರೆಯಿಂದ ದೂರವಾಗಬೇಕೆಂಬುದೂ ಕಾರಣವೇ ಎಂದು ಅವನು ಮುಂದೆ ಮರೆಮಾಚದೆ ಹೇಳಿಕೊಂಡಿರುವನು. ಜೊತೆಗೆ ಬಂದಿದ್ದ ಪತ್ರಿಕೆಯ ಸಂಪಾದಕ ಯಸುಎ ರ್‍ಯೋಸುಕೆಯು ಆಗತಾನೆ ತನ್ನ ಮೊದಲ ಮಗಳನ್ನು ಕಳೆದುಕೊಂಡಿದ್ದನು. ಹೀಗೆ ಇಬ್ಬರು ತಂದೆಗಳು, ಒಬ್ಬನ ಮಗು ಸತ್ತಿದೆ, ಮತ್ತೊಬ್ಬನ ಮಗು ಸಾಯುತ್ತಿದೆ, ಆ ನಗರದಲ್ಲಿಳಿದರು. ಸಮ್ಮೇಳನವು ರಾಜಕೀಯ ಪಕ್ಷಗಳ ಜಗಳದಿಂದ ಒಡೆದುಹೋಯಿತು. ಬಾಂಬಿನಿಂದ ಮೃತರಾದವರ ಹೆಸರುಗಳನ್ನು ಕಾಗದದ ದೀಪಗಳ ಮೇಲೆ ಬರೆದು ನದಿಯಲ್ಲಿ ತೇಲಿಬಿಡುವುದು ಅಲ್ಲಿಯ ಪದ್ಧತಿ. ಓಯೆಯು ಇನ್ನೂ ಉಸಿರಾಡುತ್ತಿದ್ದ ತನ್ನ ಮಗನ ಹೆಸರನ್ನು ಬರೆದು ಒಂದು ದೀಪವನ್ನು ಬಿಟ್ಟನಂತೆ. ಜೀವಂತನಿಗೆ ತಿಲೋದಕವನ್ನು ಬಿಟ್ಟಂತಾಯಿತಲ್ಲವೆ!

ಆ ನಗರದಲ್ಲಿ ಅವನಿಗೆ ದೊರೆತುದು ಸಮ್ಮೇಳನದ ಭಾಷಣಗಳಲ್ಲ, ಅಣುಬಾಂಬ್ ಆಸ್ಪತ್ರೆಯ ಅಧ್ಯಕ್ಷನಾಗಿದ್ದ ವೈದ್ಯ ಶಿಗೆತೋ ಫುಮಿಯೋವಿನ ದರ್ಶನ. 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಶಿಗೆತೋ ಆ ಊರಿಗೆ ಬಂದು ಕೆಲವು ದಿನಗಳು ಮಾತ್ರ ಕಳೆದಿದ್ದುವು. ತಾನೂ ಆ ಕಿರಣಗಳಿಗೆ ಈಡಾಗಿ, ಅಂದಿನಿಂದಲೇ ರೋಗಿಗಳ ಸೇವೆಗೆ ನಿಂತನು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಭದ್ರವಾಗಿಟ್ಟಿದ್ದ ಎಕ್ಸ್‌ರೇ ಫಲಕಗಳೆಲ್ಲ ಬೆಳಕು ತಗಲಿದಂತೆ ಕೆಟ್ಟಿರುವುದನ್ನು ಕಂಡು ಬಿದ್ದುದು ಎಂತಹ ಬಾಂಬೆಂಬುದನ್ನು ಊಹಿಸಿದವರಲ್ಲಿ ಅವನೊಬ್ಬನು. ಔಷಧವಿರಲಿಲ್ಲ, ರೋಗದ ಹೆಸರೇ ತಿಳಿದಿರಲಿಲ್ಲ. ಯುದ್ಧವು ಮುಗಿದ ಮೇಲೂ ಈ ಜನರು ಏತಕ್ಕಾಗಿ ಹೀಗೆ ನರಳಬೇಕೆಂದು ಒಬ್ಬ ತರುಣ ದಂತವೈದ್ಯನು ಹಿರಿಯ ವೈದ್ಯನನ್ನು ಕೇಳಿ, ಉತ್ತರ ದೊರೆಯದೆ ಸ್ವಲ್ಪ ಹೊತ್ತಿನಲ್ಲೇ ಕೊರಳಿಗೆ ನೇಣುಹಾಕಿಕೊಂಡ ಸಂಗತಿಯನ್ನು ಓಯೆಯು ದಾಖಲೆಮಾಡಿರುವನು. ಪ್ರಶ್ನೆಗೆ ಉತ್ತರವು ಉಳಿದ ವೈದ್ಯರಿಗೂ ತಿಳಿದಿರಲಿಲ್ಲ. ಅವರು ಉತ್ತರವಿಲ್ಲದೆಯೇ ಗಾಯಗಳನ್ನು ತೊಳೆದು ಕಟ್ಟುತ್ತಿದ್ದರು. ಈ ಎರಡು ನಡತೆಗಳ ಭೇದವೇ ಓಯೆಗೆ ಮಾರ್ಗದರ್ಶಕವಾಯಿತು. ಅವನು ಟೋಕಿಯೋವಿಗೆ ಮರಳಿ ಶಸ್ತ್ರಚಿಕಿತ್ಸೆಗೆ ಸಮ್ಮತಿಸಿದನು. ಅದು ನಡೆಯಿತು, ಶಿಶುವು ಬದುಕಿತು. ಹಿರೋಶಿಮಾವನ್ನು ಕುರಿತು ಅವನು ಬರೆದ ಲೇಖನಗಳು 1965ರಲ್ಲಿ 'ಹಿರೋಶಿಮಾ ಟಿಪ್ಪಣಿಗಳು' ಎಂಬ ಹೆಸರಿನಿಂದ ಗ್ರಂಥರೂಪವಾಗಿ ಬಂದುವು.

ಪುತ್ರವಾತ್ಸಲ್ಯದಿಂದಲೇ ತಂದೆಯು ಮಗನನ್ನು ಉಳಿಸಿಕೊಂಡನೆಂದು ಹೇಳಿದರೆ ಕೇಳಲು ಇಂಪಾಗಿರುವುದು. ಆದರೆ ಅದು ಯಥಾರ್ಥವಲ್ಲ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವತ್ಸಲವನ್ನು ಒಂದು ಪ್ರತ್ಯೇಕರಸವೆಂದು ಅಂಗೀಕರಿಸಿ, ಪುತ್ರಾದಿಗಳನ್ನು ಅದಕ್ಕೆ ಆಲಂಬನವಿಭಾವವೆಂದೂ, ಅವರ ಆಟಪಾಟಗಳನ್ನೂ ಶೌರ್ಯವಿದ್ಯಾದಿಗಳನ್ನೂ ಉದ್ದೀಪನವಿಭಾವವೆಂದೂ ಹೇಳುವನು. ತಲೆಗೆ ಪಟ್ಟಿ ಸುತ್ತಿಸಿಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ, ಕಣ್ಣು ಕಾಣುವುದೋ ಕಿವಿ ಕೇಳುವುದೋ ತಿಳಿಯದ ಶಿಶುವಿನಲ್ಲಿ ಆಲಂಬನವುಂಟು, ಉದ್ದೀಪನವೆಲ್ಲಿಂದ ಬರಬೇಕು? ಅಲ್ಲಿ ಮೊದಲು ಏಳುವುದು ಭಯ, ಜುಗುಪ್ಸೆ, ಲಜ್ಜೆ. ಈ ಮಾತನ್ನು ಹೇಳಲು ತಂದೆತಾಯಿಗಳು ಸಾಮಾನ್ಯವಾಗಿ ಅಂಜುವರು. ಓಯೆಯು ಅಂಜದೆ ಹೇಳಿದುದೇ ಅವನ ಕೃತಿಗಳ ವೈಶಿಷ್ಟ್ಯ.

ಒಂದೇ ವಸ್ತುವನ್ನು ಅವನು 1964ರಲ್ಲಿ ಎರಡು ವಿಧವಾಗಿ ನಿರ್ವಹಿಸಿದನು. ಜನವರಿಯಲ್ಲಿ ಪ್ರಕಟವಾದ 'ಆಕಾಶದ ವಿಕಾರಪ್ರಾಣಿ ಅಗುಯಿ' ಎಂಬ ಕಥೆಯಲ್ಲಿ ಒಬ್ಬ ತರುಣ ಸಂಗೀತಕಾರನು ಹೀಗೆಯೇ ತಲೆಯಲ್ಲಿ ಬುಗುಟು ಬೆಳೆದು ಹುಟ್ಟಿದ ಮಗುವಿಗೆ ಹಾಲಿನ ಬದಲು ಸಕ್ಕರೆಯ ನೀರನ್ನು ಕೊಡಿಸಿ, ಅದು ಕ್ಷೀಣಿಸಿ ಸಾಯುವಂತೆ ಮಾಡುವನು. ಸತ್ತಮೇಲೆ ಪರೀಕ್ಷಿಸಿ ನೋಡಿದರೆ, ಮಿದುಳು ಹೊರಬಂದುದೇ ಅಲ್ಲ. ಅಪಾಯವಿಲ್ಲದ ಒಂದು ಗಡ್ಡೆ ಮಾತ್ರ. ಅಂದಿನಿಂದ ಬಿಳಿಯ ಹತ್ತಿಯ ಅಂಗಿಯನ್ನು ತೊಟ್ಟ, ಕಾಂಗರೂವಿನಷ್ಟು ದೊಡ್ಡದಾದ ಒಂದು ಶಿಶುವು ಆಕಾಶದಿಂದ ಇಳಿದುಬಂದು ತನ್ನ ಪಕ್ಕದಲ್ಲಿ ನಿಲ್ಲುವುದಾಗಿ ಅವನಿಗೆ ಕಾಣತೊಡಗುವುದು. ಆ ಮಗುವು ಬದುಕಿದ್ದಾಗ ಒಂದೇ ಸಾರಿ ಉಚ್ಚರಿಸಿದ ಶಬ್ದವು 'ಅಗುಯಿ'. ಅದೇ ಅದಕ್ಕೆ ಹೆಸರಾಯಿತು. ಕೊನೆಗೆ ಅವನು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸಾಯುವನು.

ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ 'ಒಂದು ಸ್ವಂತ ಅನುಭವ' ಎಂಬ ಕಾದಂಬರಿಯ ನಾಯಕನಿಗೆ 'ಹಕ್ಕಿ' ಎಂದು ಅಡ್ಡಹೆಸರು. ಇಪ್ಪತ್ತೇಳು ವರ್ಷದ ಪಾಠಶಾಲೆಯ ಉಪಾಧ್ಯಾಯ. ಆಫ್ರಿಕಾ ಖಂಡದ ಭೂಪಟಗಳನ್ನು ಕೊಂಡು, ಎಂದಾದರೊಂದು ದಿನ ಅಲ್ಲಿಗೆ ಹೋಗುವೆನೆಂಬ ಕನಸಿನಲ್ಲಿ ಇರುವವನು. ಇವನೂ ಸಕ್ಕರೆನೀರಿನ ಉಪಾಯವನ್ನೇ ಹಿಡಿಯುವನು. ಮದ್ಯ, ಹಳೆಯ ಗೆಳತಿಯ ಮನೆ, ತರಗತಿಯಲ್ಲಿ ವಾಂತಿ, ಕೆಲಸದ ನಷ್ಟ ಎಂದು ಅವನತಿಯು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಪ್ರತಿಯೊಂದು ಸಾರಿ ಆಸ್ಪತ್ರೆಯಿಂದ ಕರೆ ಬಂದಾಗಲೂ ಮಗುವು ಸತ್ತಿತೆಂಬ ವಾರ್ತೆಯನ್ನೇ ಅವನು ನಿರೀಕ್ಷಿಸುವನು. ಆದರೆ ಶಿಶುವು ಸಾಯದೆ ಬಲವಾಗುತ್ತಿರುವುದು. ಸಾಯಲೊಲ್ಲದ ಮಗುವಿಗೆ ತಂದೆಯೇ ಹೆದರುವ ಈ ಪ್ರಕರಣಗಳು ಓದುವುದಕ್ಕೆ ಕಷ್ಟಕರವಾದುವು. ಗ್ರಂಥದ ಸತ್ತ್ವವೂ ಇಲ್ಲಿಯೇ ಇದೆ. ಕಡೆಗೆ ಮಗುವನ್ನು ಗುಟ್ಟಾಗಿ ಇಲ್ಲವಾಗಿಸುವ ಒಬ್ಬ ವೈದ್ಯನಲ್ಲಿ ಬಿಟ್ಟುಬಂದು, ಪಾನಗೃಹದಲ್ಲಿ ಕುಳಿತಿರುವಾಗ, ತಾನು ಇಷ್ಟೆಲ್ಲ ಮಾಡಿ ರಕ್ಷಿಸಿಕೊಳ್ಳುತ್ತಿರುವ 'ತಾನು' ಎಂಬುದು ಏನೆಂದು ಕೇಳಿಕೊಂಡು, ಅಲ್ಲಿ ರಕ್ಷಿಸತಕ್ಕುದು ಏನೂ ಇಲ್ಲವೆಂದು ಅರಿತು ಎದ್ದು ಹೊರಡುವನು. ಶಸ್ತ್ರಚಿಕಿತ್ಸೆಯಾಗುವುದು. ಇಲ್ಲಿಯೂ ಅದು ಗಡ್ಡೆಯೆಂದೇ ತಿಳಿದುಬರುವುದು. ಒಂದರಲ್ಲಿ ಶವಪರೀಕ್ಷೆಯಿಂದ ತಿಳಿದುದು ಇನ್ನೊಂದರಲ್ಲಿ ಚಿಕಿತ್ಸೆಯಿಂದ ತಿಳಿಯುವುದು. ಎರಡು ಕಥೆಗಳಿಗೂ ನಡುವಣ ಅಂತರವೆಲ್ಲ ಇಷ್ಟೇ. ಆದರೆ ಒಂದು ಜೀವದಷ್ಟು ಅಂತರ.

ಕಾದಂಬರಿಯ ಮುಕ್ತಾಯವು ಅನಾವಶ್ಯಕವಾಗಿ ಮಂಗಳಕರವಾಗಿದೆಯೆಂದು ಕೆಲವರು ಆಕ್ಷೇಪಿಸಿದರು. ಪ್ರಸಿದ್ಧ ಲೇಖಕ ಮಿಶಿಮಾ ಯುಕಿಯೋ ಅವರಲ್ಲೊಬ್ಬನು. ಕಲೆಯ ದೃಷ್ಟಿಯಿಂದ ಆಕ್ಷೇಪವು ಪೂರ್ತಿ ನಿರಾಧಾರವಲ್ಲ. ಅಷ್ಟು ದೀರ್ಘವಾದ ಅವನತಿಯು ಕೆಲವೇ ಪುಟಗಳಲ್ಲಿ ತಿರುಗಿನಿಲ್ಲುವುದು ಥಟ್ಟನೆ ಮುಗಿಸಿದಂತೆ ತೋರುವುದು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಗ್ರಂಥವು ಹೊರಬಂದಾಗ ಓಯೆಯ ಮಗನಿಗೆ ಹದಿನಾಲ್ಕು ತಿಂಗಳು. ಅವನು ನಡೆಯುವನೋ ನುಡಿಯುವನೋ ಬರೆದ ತಂದೆಗೇ ಗೊತ್ತಿರಲಿಲ್ಲ. ಕಾದಂಬರಿಯೊಳಗೂ ಶಿಶುವು ಸಾಮಾನ್ಯನಾಗಿ ಬೆಳೆಯಬಹುದು, ಮಂದಬುದ್ಧಿಯೂ ಆಗಬಹುದು ಎಂದೇ ವೈದ್ಯನು ಹೇಳುವನು. ಮನೆಗೆ ಹೋದೊಡನೆ ನಿಘಂಟಿನಲ್ಲಿ 'ಸಹನೆ' ಎಂಬ ಶಬ್ದವನ್ನು ಹುಡುಕಬೇಕೆಂದು ನಾಯಕನು ಎಣಿಸುವಲ್ಲಿಗೆ ಕಥೆಯು ನಿಲ್ಲುವುದು. ಆ ಶಬ್ದದ ಅರ್ಥವನ್ನು ಅವನು ಇನ್ನೂ ನೋಡಿಲ್ಲ. ಮಂಗಳವು ಅಷ್ಟರಮಟ್ಟಿನದು. ಗ್ರಂಥದಲ್ಲಿ ಇದಕ್ಕಿಂತ ದೊಡ್ಡ ನ್ಯೂನತೆಯೊಂದುಂಟು: ಹೆತ್ತ ತಾಯಿಯು ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ, ಕಥೆಯ ಹೊರಗೇ ಉಳಿಯುವಳು. ಬಲಹೀನರಿಗೆ ತನ್ನ ಆಶ್ರಯವು ಬೇಕಾದ ಸಮಯದಲ್ಲಿಯೇ ಅವರನ್ನು ತೊರೆಯುವ ಸ್ವಭಾವ ಗಂಡನದೆಂದು ಅವಳೊಮ್ಮೆ ಹೇಳುವಳು. ಇಡೀ ಗ್ರಂಥದ ವಿಮರ್ಶೆಯು ಆ ಒಂದು ಮಾತಿನಲ್ಲಿ ಅಡಗಿದೆ. ಆದರೂ ಅವಳ ಸಂಕಟಕ್ಕೆ ಅಲ್ಲಿ ಅದಕ್ಕಿಂತ ಹೆಚ್ಚಿನ ಸ್ಥಳವು ದೊರೆತಿಲ್ಲ.

ಓಯೆಯ ಮಗನು ಸಾಮಾನ್ಯನಾಗಿ ಬೆಳೆಯಲಿಲ್ಲ. ಬುದ್ಧಿಯ ಬೆಳವಣಿಗೆ ಕುಂಠಿತವಾಯಿತು, ದೃಷ್ಟಿ ಮಂದ, ಅಪಸ್ಮಾರದ ಬಾಧೆಯೂ ಜೊತೆಗೂಡಿತು. ಹಲವು ವರ್ಷ ಅವನು ಮಾತನ್ನೇ ಆಡಲಿಲ್ಲ. ಮನುಷ್ಯರ ಧ್ವನಿಗೆ ತಿರುಗದಿದ್ದವನು ಹಕ್ಕಿಗಳ ಕೂಗಿಗೆ ಕಿವಿಗೊಡುವುದನ್ನು ತಂದೆತಾಯಿಗಳು ಕಂಡು, ಕಾಡುಹಕ್ಕಿಗಳ ಕೂಗುಗಳನ್ನು ಮುದ್ರಿಸಿದ ಧ್ವನಿಮುದ್ರಿಕೆಗಳನ್ನು ತಂದು ಮನೆಯಲ್ಲಿ ಕೇಳಿಸುತ್ತ ಬಂದರು. ಪ್ರತಿಯೊಂದು ಕೂಗಿನ ಬಳಿಕ ಒಬ್ಬನು ಗಂಭೀರಸ್ವರದಿಂದ ಹಕ್ಕಿಯ ಹೆಸರನ್ನು ಹೇಳುವನು. ಹುಡುಗನಿಗೆ ಆರು ವರ್ಷವಾಗಿದ್ದಾಗ ಬೇಸಗೆಯಲ್ಲಿ ಬೆಟ್ಟದ ಸೀಮೆಯ ಒಂದು ಕುಟೀರದಲ್ಲಿ ಕುಟುಂಬವು ತಂಗಿತ್ತು. ತೋಪಿನ ಆಚೆಯ ಸರೋವರದ ಕಡೆಯಿಂದ ಜೋಡಿ ನೀರುಕೋಳಿಗಳು ಕೂಗಿದುವು. ಆಗ ಹುಡುಗನು ಧ್ವನಿಮುದ್ರಿಕೆಯಲ್ಲಿನ ಮನುಷ್ಯನ ಸ್ವರದಲ್ಲಿಯೇ, ಅದು ಇಂಥ ಹಕ್ಕಿಯೆಂದು ಹೆಸರಿಟ್ಟು ಹೇಳಿದನು. ಅವನು ಆಡಿದ ಮೊದಲ ಮನುಷ್ಯವಾಕ್ಯವು ಇದೇ. 1994ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸುವ ಸಂದರ್ಭದಲ್ಲಿ ಮಾಡಿದ ಉಪನ್ಯಾಸದಲ್ಲಿ ಓಯೆಯು ಈ ಪ್ರಸಂಗವನ್ನು ವಿದ್ವತ್ಸಭೆಯ ಮುಂದೆ ವಿವರಿಸಿದನು.

ಮಾತನಾಡಲಾರದ ಮಗುವಿನ ನೋವನ್ನು ಹೇಗೆ ತಿಳಿಯಬೇಕೆಂಬುದು ಪುರಾತನವಾದ ಪ್ರಶ್ನೆ. ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ 1938ರಲ್ಲಿ ಮುದ್ರಿತವಾದ ಕಾಶ್ಯಪಸಂಹಿತೆಯಲ್ಲಿ ಇದಕ್ಕಾಗಿ ಒಂದು ಅಧ್ಯಾಯವೇ ಮೀಸಲಾಗಿದೆ: ಶಿಶುವು ತಲೆಯನ್ನು ಹೊರಳಿಸುತ್ತ ಕಣ್ಣುಮುಚ್ಚಿ ರಾತ್ರಿ ನರಳಿದರೆ ತಲೆನೋವೆಂದೂ, ಕೈಗಳಿಂದ ಕಿವಿಯನ್ನು ಮುಟ್ಟಿಕೊಂಡರೆ ಕಿವಿನೋವೆಂದೂ ಅಲ್ಲಿ ಚಿಹ್ನೆಗಳನ್ನು ಹೇಳಿದೆ. ಇದು ವೈದ್ಯನ ವಿನಯ; ಹೊರಗೆ ನಿಂತು ಲಕ್ಷಣದಿಂದ ಊಹಿಸುವುದು. ತಂದೆಗೆ ಇಷ್ಟು ಸಾಲದು. ಅವನು ಮಗುವಿನೊಳಗೇ ಹೊಕ್ಕಿರುವೆನೆಂದು ನಂಬಲಿಚ್ಛಿಸುವನು. 1969ರಲ್ಲಿ ಓಯೆಯು ಬರೆದ, ನಮ್ಮ ಉನ್ಮಾದವನ್ನು ಮೀರಿ ಬದುಕುವ ದಾರಿಯನ್ನು ಕಲಿಸೆಂದು ಬೇಡುವ ಹೆಸರುಳ್ಳ ಕಥೆಯಲ್ಲಿ ಒಬ್ಬ ಸ್ಥೂಲಕಾಯನು ಮಂದಬುದ್ಧಿಯ ಮಗನ ಕೈಯನ್ನು ಸದಾ ಹಿಡಿದುಕೊಂಡಿರುವನು. ಮಗನ ನೋವು ಆ ಕೈಯ ಮೂಲಕ ತನಗೆ ಹರಿದುಬರುವುದೆಂದು ಅವನ ದೃಢವಾದ ನಂಬಿಕೆ. ಒಂದು ದಿನ ಮೃಗಾಲಯದಲ್ಲಿ ಕೆಲವರು ಧೂರ್ತರು ಅವನನ್ನು ಬಿಳಿಕರಡಿಯ ಕೊಳಕ್ಕೆ ಎಸೆಯಲು ಹವಣಿಸುವರು. ಆ ಗೊಂದಲದಲ್ಲಿ ಕೈ ತಪ್ಪುವುದು. ಆಮೇಲೆ ತಿಳಿಯುವುದೇನೆಂದರೆ, ಮಗನು ತಂದೆಯಿಲ್ಲದೆಯೂ ಇರಬಲ್ಲನು. ಅವನ ನೋವು ಅವನದೇ, ತನಗೆ ಹರಿದುಬಂದಿತೆಂದುಕೊಂಡುದೆಲ್ಲ ತನ್ನದೇ ಕಲ್ಪನೆ. ರೋಗಿಯಾದ ಮಗುವನ್ನು ಸಾಕಿದ ಯಾವ ತಂದೆತಾಯಿಗೂ ಒಪ್ಪಲು ಇಷ್ಟವಿಲ್ಲದ ಸತ್ಯವಿದು. ಮಗುವಿನ ಪ್ರಾಣವನ್ನುಳಿಸಲು ಒಂದು ನಿರ್ಣಯ ಸಾಕಾಯಿತು. ಮಗುವು ತನ್ನ ಅವಯವವಲ್ಲವೆಂದು ಅರಿಯಲು ಆರು ವರ್ಷ ಬೇಕಾದುವು.

ಹಕ್ಕಿಗಳ ಕೂಗಿನಿಂದ ಕಿವಿಯು ಸಂಗೀತಕ್ಕೆ ತಿರುಗಿತು. ಹನ್ನೊಂದನೆಯ ವರ್ಷದಲ್ಲಿ ಪಿಯಾನೋ ಪಾಠ ಆರಂಭವಾಯಿತು. ಕೈಬೆರಳುಗಳು ಚುರುಕಾಗಿ ಆಡದಿದ್ದುದರಿಂದ ನುಡಿಸುವುದಕ್ಕಿಂತ ರಚನೆಯ ಕಡೆಗೆ ಒಲವು ಹೆಚ್ಚಿ, ಹದಿಮೂರರ ಸುಮಾರಿಗೆ ಸ್ವಂತ ರಚನೆಗಳನ್ನು ಬರೆಯತೊಡಗಿದನು. 1992ರಲ್ಲಿಯೂ 1994ರಲ್ಲಿಯೂ ಅವನ ರಚನೆಗಳ ಧ್ವನಿಮುದ್ರಿಕೆಗಳು ಹೊರಬಂದು ಜಪಾನಿನಲ್ಲಿ ಬಹುಜನರ ಕೈಸೇರಿದುವು. ಇದರಲ್ಲಿ ತಂದೆಯ ಕೀರ್ತಿಯ ಪಾಲೆಷ್ಟು ಎಂದು ಸಂಗೀತವಿಮರ್ಶಕರು ವಾದಮಾಡಿದುದುಂಟು, ಅದು ಪ್ರಕೃತವಲ್ಲ. ಪ್ರಕೃತವಾದುದು ತಂದೆಗೆ ಕೇಳಿಸಿದುದು ಏನು ಎಂಬುದು. ಆ ಸಂಗೀತದಲ್ಲಿ ಅಳುತ್ತಿರುವ ಒಂದು ಕತ್ತಲೆಯ ಆತ್ಮದ ಧ್ವನಿಯನ್ನು ತಾನು ಗುರುತಿಸಿದುದಾಗಿಯೂ, ಆ ದುಃಖವನ್ನು ಹೊರಹಾಕುವ ಕಾರ್ಯವೇ ಮಗನನ್ನು ಗುಣಪಡಿಸಿದುದಾಗಿಯೂ ನೊಬೆಲ್ ಉಪನ್ಯಾಸದಲ್ಲಿ ಅವನು ಹೇಳಿದನು. ಮೂವತ್ತು ವರ್ಷಗಳ ಕಾಲ ಮಗನ ಪರವಾಗಿ ಮಾತನಾಡಿದವನಿಗೆ ಆ ಮಗನೊಳಗೆ ಅಷ್ಟು ದುಃಖವಿತ್ತೆಂಬುದು ತಿಳಿದುದು ಮಗನೇ ಬರೆದ ಸ್ವರಗಳಿಂದ. ಮಗನಿಗೆ ಈಗ ತನ್ನದೇ ಧ್ವನಿಯುಂಟಾಗಿರುವುದರಿಂದ ತಾನು ಇನ್ನು ಕಾದಂಬರಿಗಳನ್ನು ಬರೆಯುವುದಿಲ್ಲವೆಂದು ಆ ಕಾಲದಲ್ಲಿ ಓಯೆಯು ಪ್ರಕಟಪಡಿಸಿದನು. ಈ ಪ್ರತಿಜ್ಞೆಯು ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಮತ್ತೆ ಬರೆಯತೊಡಗಿದನು. 1995ರಲ್ಲಿ ಬಂದ 'ಚೇತರಿಸಿಕೊಳ್ಳುವ ಕುಟುಂಬ' ಎಂಬ ಪ್ರಬಂಧಗ್ರಂಥಕ್ಕೆ ಪತ್ನಿ ಯುಕಾರಿಯು ಚಿತ್ರಗಳನ್ನು ಬರೆದಳು. ಕಾದಂಬರಿಯಲ್ಲಿ ಸ್ಥಳ ಸಿಕ್ಕದ ತಾಯಿಯು ಇಲ್ಲಿ ಕುಂಚದ ಮೂಲಕ ಬಂದಳು. ಗ್ರಂಥದ ಹೆಸರಿನಲ್ಲಿ ಚೇತರಿಕೆಯು ರೋಗಿಗೆ ಸೇರದೆ ಕುಟುಂಬಕ್ಕೆ ಸೇರಿರುವುದು ಗಮನಾರ್ಹ. ಓಯೆಯು 2023ರ ಮಾರ್ಚ್ 3ರಂದು ಕಾಲವಾದನು.

ಮಗನ ಹೆಸರಿನ ವಿಷಯವೊಂದು ಉಳಿದಿದೆ. ಶಿಶುವಿಗೆ ಹೆಸರನ್ನು ಬರೆಸಬೇಕಾಗಿದ್ದಾಗ ಓಯೆಯು ಫ್ರೆಂಚ್ ಲೇಖಕಿ ಸಿಮೋನ್ ವೇಯ್ಲಳ ಗ್ರಂಥದಲ್ಲಿ ಒಂದು ಎಸ್ಕಿಮೋ ಕಥೆಯನ್ನು ಓದಿದ್ದನು. ಜಗತ್ತೆಲ್ಲ ಕತ್ತಲಾಗಿದ್ದ ಕಾಲದಲ್ಲಿ ಆಹಾರವು ಕಾಣದೆ ಪರದಾಡುತ್ತಿದ್ದ ಒಂದು ಕಾಗೆಯು ಬೆಳಕಿಗಾಗಿ ಹಂಬಲಿಸಿತು. ಆ ಹಂಬಲದಿಂದಲೇ ಬೆಳಕಾಯಿತು. ಮಗನಿಗೆ 'ಕಾಗೆ' ಎಂದು ಹೆಸರಿಡುವೆನೆಂದು ಅವನು ಹೇಳಿದಾಗ ಅವನ ತಾಯಿಯು ಸಿಟ್ಟಾದಳಂತೆ. ಮರುದಿನ ಅವನು ಕಥೆಯ ಇನ್ನೊಂದು ಕೊನೆಯನ್ನು ಹಿಡಿದು 'ಹಿಕಾರಿ' ಎಂದು ನಿಶ್ಚಯಿಸಿದನು. ಹಿಕಾರಿ ಎಂದರೆ ಬೆಳಕು. ಆದರೆ ಕಥೆಗಳಲ್ಲಿ ಅವನು ಮಗನಿಗೆ ಇಂಗ್ಲಿಷ್ ಬಾಲಸಾಹಿತ್ಯದ ಒಂದು ಮಂಕುಮೋರೆಯ ಕತ್ತೆಯ ಹೆಸರಾದ 'ಈಯೋರ್' ಎಂಬುದನ್ನು ಕೊಟ್ಟು, ಅದರಿಂದಲೇ ಬಹುಕಾಲ ಬರೆದನು. 1983ರ, ಆಂಗ್ಲ ಕವಿ ಬ್ಲೇಕನ ಕಾವ್ಯಗಳೊಡನೆ ಹೆಣೆದ ಗ್ರಂಥದಲ್ಲಿ ಈ ಈಯೋರನಿಗೆ ಇಪ್ಪತ್ತು ವರ್ಷ ತುಂಬುತ್ತಿದೆ. ಲೋಕದಲ್ಲಿರುವ ವಸ್ತುಗಳಿಗೆಲ್ಲ ಮಗನಿಗೆ ತಿಳಿಯುವಂತೆ ಲಕ್ಷಣಗಳನ್ನು ಬರೆದುಕೊಡಬೇಕೆಂಬ ತಂದೆಯ ಬಹುದಿನದ ಸಂಕಲ್ಪವು ಪುಸ್ತಕದ ಕೊನೆಯವರೆಗೂ ಈಡೇರಿಲ್ಲ. ಶಾಲೆಯ ವಸತಿಗೃಹದಿಂದ ವಾರದ ರಜಕ್ಕೆ ಮನೆಗೆ ಬಂದ ಮಗನನ್ನು ಊಟಕ್ಕೆ ಕರೆದರೆ ಅವನು ಏಳುವುದಿಲ್ಲ. ಈಯೋರ್ ಎಂಬುವನು ಈಗ ಇಲ್ಲಿಲ್ಲವೆನ್ನುವನು. ತಂದೆಗೆ ಎದೆ ಕುಸಿದಂತಾಗುವುದು. ತಮ್ಮನಿಗೆ ಅರ್ಥವಾಗುವುದು. ಅವನು ಹತ್ತಿರ ಹೋಗಿ ಹಿಕಾರಿ ಎಂಬ ನಿಜವಾದ ಹೆಸರಿನಿಂದ, ಗೌರವವಾಚಕವನ್ನು ಸೇರಿಸಿ ಕರೆಯುವನು. ಆಗ ಅಣ್ಣನು ಎದ್ದು ಊಟಕ್ಕೆ ಬರುವನು.